ಕಾಕಾನ ಗಿಟಾರಿಗೆ ತಂಗೂಸು

ಹಾಗಲಬಳ್ಳಿಗೆ ಚಪ್ಪರ ಕಟ್ಟಲೆಂದು ಮೊನ್ನೆ ಕಾರವಾರದ ಬಲೆ ಅಂಗಡಿಯಿಂದ ಒಂದು ಸುರುಳಿ ತಂಗೂಸು ತಂದಿದ್ದೆ. ಮೀನುಗಾರರು ಬಳಸುವ ನೈಲಾನ್ ದಾರ, ಬಿಸಿಲಿಗೂ ಜಗ್ಗುವುದಿಲ್ಲ, ಮಳೆಗೂ ಜಗ್ಗುವುದಿಲ್ಲ. ಸುರುಳಿ ಬಿಚ್ಚಿದಾಗ ಹೊಸ ಪ್ಲಾಸ್ಟಿಕ್ಕಿನ ವಾಸನೆಯ ಜೊತೆ ಅಂಗಡಿಯ ಒಣಮೀನಿನ ವಾಸನೆಯೂ ಸ್ವಲ್ಪ ಬಂತು. ಎರಡೂ ಕೈಯಲ್ಲಿ ಕೋಲು ಹಿಡಿದಿದ್ದರಿಂದ, ಗೂಟಕ್ಕೆ ಕಟ್ಟಿದ ದಾರದ ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಬಿಗಿಯಾದ ದಾರಕ್ಕೆ ಕೋಲು ತಾಗಿ ಅದು ನನ್ನ ಹಲ್ಲಿನೊಳಗೇ ಗುಂಯ್ ಎಂದಿತು... ಬೇಲಿಯಾಚೆಯಿಂದ ಕಾಕಾ ಇಣುಕಿದ ಹಾಗಾಯಿತು.

ಕಾಕಾ ಎಂದರೆ ಅಪ್ಪನ ತಮ್ಮನಲ್ಲ. ಅಂಕೋಲೆಯಲ್ಲಿ ನಮ್ಮ ಪಕ್ಕದ ಮನೆಯವರು. ಕದ್ರಾದ ಪವರ್ ಹೌಸಿನಲ್ಲಿ ಫಿಟ್ಟರ್ ಆಗಿದ್ದವರು. ಎಡಚರು. ಕದ್ರಾದ ಕ್ವಾರ್ಟರ್ಸಿನಲ್ಲಿ ಜೊತೆಗಾರನೊಬ್ಬ ಬಾರಿಸುತ್ತಿದ್ದ ಗಿಟಾರು ಇವರ ಕೈಗೆ ಬಂದರೆ ತಿರುಗುಮುರುಗಾಗುತ್ತಿತ್ತಂತೆ. ಹಟ ಬಂದು, ಯಂತ್ರದ ಭಾಗಗಳು ಬರುತ್ತಿದ್ದ ಹಲಗೆಯ ಪೆಟ್ಟಿಗೆಯೊಂದಕ್ಕೆ ಸಾಗವಾನಿ ಪಟ್ಟಿ ಜೋಡಿಸಿ ತಮ್ಮದೇ ಒಂದು ಮಾಡಿಕೊಂಡರು. ಮೂರೇ ತಂತಿ. ಎಡಗೈಯಿಂದ ಮೀಟುವುದು, ಬಲಗೈ ಬೆರಳಿನಿಂದ ಒತ್ತುವುದು. ನೋಡಲು ಥೇಟ್ ಇಲಿಬೋನು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಕಾಕಿ ಚುಡಾಯಿಸುತ್ತಿದ್ದರು.

ನಿವೃತ್ತರಾದ ಮೇಲೆ ಕಾಕಾನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಕಾರವಾರಕ್ಕೆ ಡಯಾಲಿಸಿಸ್. ನನ್ನ ಕಚೇರಿಯೂ ಕಾರವಾರದಲ್ಲೇ ಇದ್ದುದರಿಂದ ಬೆಳಗಿನ ಬಸ್ಸಿನಲ್ಲಿ ಜೊತೆಗೆ ಹೋಗುತ್ತಿದ್ದೆವು. ಕೆಲಸ ಮಾಡುವ ಕೈ ಉಳಿಯಲಿ ಎಂದು ಎಲ್ಲರಿಗೂ ಎಡಗೈಗೆ ಮಾಡುವ ಫಿಸ್ಟುಲಾವನ್ನು ಕಾಕಾ ಎಡಚರಾದ್ದರಿಂದ ಬಲಗೈಗೆ ಮಾಡಿದ್ದರು. ಎರಡು ರಕ್ತನಾಳಗಳನ್ನು ಜೋಡಿಸಿ ಸೂಜಿ ಚುಚ್ಚಲು ಮಾಡಿಕೊಡುವ ದಾರಿ ಅದು. ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಗುಂಯ್‌ಗುಡುವುದು ತಿಳಿಯುತ್ತದೆ. ಆ ಕೈಯಲ್ಲಿ ಭಾರ ಎತ್ತಬೇಡಿ, ವಾಚು ಕಟ್ಟಬೇಡಿ, ಬಿ.ಪಿ. ನೋಡಲೂ ಆ ಕೈ ಕೊಡಬೇಡಿ, ದಿನಾ ಬೆಳಿಗ್ಗೆ ಮುಟ್ಟಿ ನೋಡಿ, ಗುಂಯ್ ನಿಂತರೆ ತಕ್ಷಣ ಬನ್ನಿ ಎಂದು ಆಸ್ಪತ್ರೆಯ ಸಿಸ್ಟರ್ ಪಾಠ ಹೇಳಿದ್ದರು.

"ಮುಟ್ಟಿ ನೋಡು ತಂಗಿ, ನಮ್ಮ ಟ್ರಾನ್ಸ್‌ಫಾರ್ಮರು. ಲೋಡು ಬರ್ತೇ ಅದೆ," ಎಂದು ಕಾಕಾ ಬಸ್ಸಿನಲ್ಲಿ ಕೈ ಚಾಚುತ್ತಿದ್ದರು. ಬೆಕ್ಕಿನ ಮರಿಯ ಹೊಟ್ಟೆ ಮುಟ್ಟಿದ ಹಾಗಿರುತ್ತಿತ್ತು.

ಅವರ ಚಿಂತೆ ಮಾತ್ರ ಗಿಟಾರಿನದು. ಮೆತ್ತಗೆ ಒತ್ತುವುದಾದರೆ ಬಾರಿಸಿ, ಬೆರಳು ಮಾತ್ರ ಕೊಯ್ದುಕೊಳ್ಳಬೇಡಿ ಎಂದಿದ್ದರು ಸಿಸ್ಟರ್. ಡಯಾಲಿಸಿಸ್ಸಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಡುತ್ತಾರೆ. ಉಕ್ಕಿನ ತಂತಿಯಿಂದ ಒಮ್ಮೆ ಬೆರಳತುದಿ ಸೀಳಿ, ಪಂಚೆಯ ತುಂಬ ರಕ್ತವಾಗಿ ಕಾಕಿ ಅತ್ತುಬಿಟ್ಟಿದ್ದರು. ತಂತಿ ಸಡಿಲ ಮಾಡಿದರೆ ಸ್ವರ ಇಲ್ಲ, ಬಿಗಿ ಮಾಡಿದರೆ ಬೆರಳಿಲ್ಲ. ಅತ್ತ ದರಿ, ಇತ್ತ ಪುಲಿ. ಗೋವೆಯಿಂದ ನೈಲಾನ್ ತಂತಿ ತರಿಸೋಣ ಎಂದೆ. "ಬ್ಯಾಡಾ. ಪೆಟ್ಟಿಗೆ ನಾ ಮಾಡದ್ದು, ತಂತೀನೂ ಇಲ್ಲಿದೇ ಆಗ್ಲಿ," ಎಂದರು.

ಹಾಗೆ ಒಂದು ದಿನ ಬಲೆ ಅಂಗಡಿಗೆ ಹೋದೆವು. "ಯಾವ ಮೀನಿಗೆ?" ಎಂದ ಅಂಗಡಿಯವ. ಮೀನಿಗಲ್ಲ, ಗಿಟಾರಿಗೆ ಎಂದಾಗ ಕಾಕಾನ ಸೂಜಿ ಚುಚ್ಚಿದ ಕೈಯನ್ನು ನೋಡಿ, ನನ್ನನ್ನು ನೋಡಿ, "ಹಂಗಾದ್ರೆ ಬಾರ್ಸಿ ನೋಡೇ ತಕ್ಕಂಡೋಗಿ," ಎಂದು ಸುರುಳಿಗಳ ರಾಶಿಯನ್ನೇ ಮುಂದಿಟ್ಟ. ಕಾಕಾ ಒಂದೊಂದರ ತುದಿಯನ್ನೂ ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು ಮೀಟುತ್ತಾ ಹೋದರು. ಕಣ್ಣು ಮುಚ್ಚಿ, ತಲೆ ವಾಲಿಸಿ... ಬಲೆ ಕೊಳ್ಳಲು ಬಂದವರು ತಮ್ಮ ಕೆಲಸ ಬಿಟ್ಟು ನಿಂತರು. ಕೊನೆಗೆ ಆರಿಸಿದ್ದು ಇಸ್ವಾಣ ಹಿಡಿಯುವ ದಪ್ಪ ತಂಗೂಸು ಒಂದು, ಬಂಗಡೆಯ ನಡುತರದ್ದೊಂದು, ನೊಗ್ಲಿಯ ಸಣ್ಣದೊಂದು. ಗಿಟಾರಿನ ತಂತಿಗಳಿಗೆ ಆಮೇಲೆ ಅವೇ ಹೆಸರು.

ಇಸ್ವಾಣವನ್ನು ಅವರು ತಮ್ಮ ಮಣಿಕಟ್ಟಿನ ಗುಂಯ್‌ಗೆ ಶ್ರುತಿ ಮಾಡುತ್ತಿದ್ದರು. ಬಲಗೈಯನ್ನು ಕಿವಿಗೆ ಹಿಡಿದು ಕೇಳುವುದು, ಕೀಲಿ ತಿರುಗಿಸುವುದು, ಮತ್ತೆ ಕೇಳುವುದು. ಆಮೇಲೆ ಅವರ ಅವ್ವ ನಾಟಿಯ ಗದ್ದೆಯಲ್ಲಿ ಹಾಡುತ್ತಿದ್ದ ಹಾಡು. ತಂಗೂಸಿನ ದನಿ ದೊಡ್ಡದಲ್ಲ, ಬೇಲಿಯ ತನಕ ಬಂದು ನಿಲ್ಲುತ್ತಿತ್ತು. ಅಷ್ಟು ಸಂತೋಷದಲ್ಲಿ ಅವರನ್ನು ಗಟ್ಟಿಮುಟ್ಟಾಗಿದ್ದ ಕಾಲದಲ್ಲೂ ನಾನು ಕಂಡಿರಲಿಲ್ಲ.

ಇಲ್ಲಿಂದ ಮುಂದೆ ಬರೆಯಲು ನನಗೆ ಈಗಲೂ ಸಿಟ್ಟು ಬರುತ್ತದೆ.

ಕಾಕಾನಿಗೊಬ್ಬ ಅಕ್ಕ, ಸುಂಕಸಾಳಕ್ಕೆ ಕೊಟ್ಟದ್ದು. ಅವ್ವ ಬೇಗ ಹೋದ ಮೇಲೆ ತಮ್ಮನನ್ನು ಸಾಕಿದವರು. ಆ ವರ್ಷ ನೂಲಹುಣ್ಣಿಮೆಗೆ ಬಂದವರು ದೇವಸ್ಥಾನದಲ್ಲಿ ಪೂಜೆ ಮಾಡುವ ಗುನಗರಿಂದ ಮಂತ್ರಿಸಿ ತಂದ ಕರೀ ದಾರವನ್ನು ಸೆರಗಿನ ಗಂಟಿನಿಂದ ತೆಗೆದರು. ತಮ್ಮನ ರೋಗ ಹೋಗಲಿ ಎಂದು ಉಪವಾಸ ಬಿದ್ದು ತಂದ ದಾರ. ಕಾಕಾ ಎಡಗೈ ಮುಂದೆ ಮಾಡಿದರು.

"ಗಂಡಸ್ರಿಗೆ ದೇವ್ರ ದಾರ ಎಡಗೈಗೆ ಕಟ್ಟೂಕಾಗ್ತದೇನಾ ತಮ್ಮಾ? ಬಲಗೈ ತಾ."

ನಾನು ಅಲ್ಲೇ ಇದ್ದೆ. ಆ ಕೈಗೆ ಏನೂ ಕಟ್ಟಬಾರದು, ಡಾಕ್ಟರು ಹೇಳಿದ್ದಾರೆ ಎಂದೆ. "ಡಾಕ್ಟ್ರು ಗುಣ ಮಾಡಿದ್ರೆ ನಾ ಎಂತಕ್ಕೆ ಇಷ್ಟು ದೂರ ಬರ್ತಿದ್ದೆ? ನೀ ಸುಮ್ನಿರು," ಎಂದರು ಅಕ್ಕ. ಕಾಕಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ ಬಲಗೈ ಕೊಟ್ಟರು. ದಾರ ತಾನಾಗಿ ಸಡಿಲವಾದರೆ ಹರಕೆ ಫಲಿಸದು ಎಂದು ಅಕ್ಕ ಮಣಿಕಟ್ಟಿಗೆ ಸುತ್ತಿ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿದರು.

ಅಕ್ಕ ಹಿತ್ತಲಿಗೆ ಹೋದಾಗ ಕತ್ತರಿ ತಂದು ಕೊಟ್ಟೆ. ಕಾಕಾ ಬೇಡವೆಂದರು. ಕಟ್ಟಿದ ದಿನವೇ ಬಿಚ್ಚಿದರೆ ಕಟ್ಟಿದವರಿಗೆ ಕೇಡು ಎನ್ನುವುದು ನಮ್ಮಲ್ಲಿನ ನಂಬಿಕೆ. "ನಂಗೆ ಇದ್ರ ಮೇಲೆಲ್ಲ ನಂಬ್ಕೆ ಇಲ್ಲ ತಂಗಿ. ಆದ್ರೆ ಅಕ್ಕನ ಜೀವದ ಮೇಲೆ ಹೆಂಗೆ ಪರೀಕ್ಷೆ ಮಾಡೂದು? ಒಂದು ರಾತ್ರಿ ತಾನೆ..." ಎಂದರು. ತಮ್ಮದೇ ಜೀವದ ಮೇಲಾದರೆ ಮಾಡಬಹುದಿತ್ತೇನೋ. ಅಕ್ಕನ ಮೇಲಿನಷ್ಟೇ ಸಿಟ್ಟು ನನಗೆ ಅವರ ಮೇಲೂ ಇದೆ.

ಮರುದಿನ ಬೆಳಿಗ್ಗೆ ಕಾಕಾ ಬೇಲಿಯ ಹತ್ತಿರ ನಿಂತಿದ್ದರು. ದಾರ ಇರಲಿಲ್ಲ, ಅದರ ಗುರುತು ಕೆಂಪಗೆ ಮೂಡಿತ್ತು. ಮಣಿಕಟ್ಟನ್ನು ಕಿವಿಗೆ ಹಿಡಿದು, ತೆಗೆದು, ಮತ್ತೆ ಹಿಡಿದು, "ನಿತ್ತೋಗದೆ," ಎಂದರು. ನಾನೂ ಮುಟ್ಟಿದೆ. ಬರೀ ಚರ್ಮ, ಬರೀ ಎಲುಬು.

ಕಾರವಾರಕ್ಕೆ ಓಡಿದೆವು. ಒಳಗೆ ರಕ್ತ ಹೆಪ್ಪುಗಟ್ಟಿಬಿಟ್ಟಿತ್ತು. ಡಾಕ್ಟರರು ಎಷ್ಟು ಪ್ರಯತ್ನಿಸಿದರೂ ತೆರೆಯಲಿಲ್ಲ. ಎಡಗೈಗೆ ಹೊಸದಾಗಿ ಮಾಡೋಣ, ಅದು ಹದಕ್ಕೆ ಬರುವ ತನಕ ಕುತ್ತಿಗೆಗೆ ನಳಿಗೆ ಹಾಕೋಣ ಎಂದರು. ನಳಿಗೆ ಹಾಕಿಸಿಕೊಂಡು ಮನೆಗೆ ಬಂದ ದಿನ ಕಾಕಿ ಗಿಟಾರನ್ನು ತಂದು ಮಡಿಲಲ್ಲಿಟ್ಟರು. ಕಾಕಾ ಇಸ್ವಾಣವನ್ನು ಒಮ್ಮೆ ಮೀಟಿ ಪಕ್ಕಕ್ಕಿಟ್ಟರು.

"ಈಗ ಉಕ್ಕಿನ ತಂತಿ ಹಾಕೀರೂ ಅಡ್ಡಿಲ್ಲ. ಈ ಕೈ ಇನ್ನು ಯಾವ್ದಕ್ಕೂ ಬ್ಯಾಡಾಯ್ತಲ್ಲ," ಎಂದರು. ಅವರ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ.

ನಳಿಗೆಯಲ್ಲಿ ನಂಜಾಯಿತು. ಚಳಿಜ್ವರ ಬಂತು. ದೀಪಾವಳಿಯನ್ನು ಕಾಕಾ ನೋಡಲಿಲ್ಲ. ಹೆಣದ ಮುಂದೆ ಕೂತ ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದರು: "ದಾರ ಕಟ್ಟಿದ್ದಕ್ಕೇ ಇಷ್ಟು ದಿವ್ಸ ಉಳ್ಕಂಡ. ಬಿಚ್ಚಿ ಒಗ್ದ, ಹೋದ." ಬಂದವರು ಹೌದು ಹೌದು ಎಂದು ತಲೆ ಆಡಿಸಿದರು. ಓದಿದವರೂ ಆಡಿಸಿದರು. ಸಾಕಿದ ಕೈ ಕಟ್ಟಿದ ದಾರವೇ ರಕ್ತ ನಿಲ್ಲಿಸಿದ್ದು ಎಂದು ಆಕೆಗೆ ಯಾರು ಹೇಳಬೇಕಿತ್ತು, ಹೇಳಿ ಏನು ಬರುತ್ತಿತ್ತು... ನನಗೆ ಗೊತ್ತಿಲ್ಲ. ಆಕೆಯ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಅದಕ್ಕೇ ಕ್ಷಮಿಸಲಾಗುವುದಿಲ್ಲ.

ಮೊನ್ನೆ ಚಪ್ಪರದ ಕೆಲಸ ಅರ್ಧಕ್ಕೇ ಬಿಟ್ಟು ಬೇಲಿ ದಾಟಿ ಕಾಕಿಯ ಮನೆಗೆ ಹೋದೆ. ಗಿಟಾರು ಪಡಸಾಲೆಯ ಗೋಡೆಯಲ್ಲೇ ಇದೆ. ಉಕ್ಕಿನ ತಂತಿಯಾಗಿದ್ದರೆ ಈ ಉಪ್ಪುಗಾಳಿಗೆ ಎಂದೋ ತುಕ್ಕು ಹಿಡಿದು ಹರಿದುಹೋಗುತ್ತಿತ್ತು. ತಂಗೂಸು ಮೂರೂ ಹೊಸದರಂತೆ ಹೊಳೆಯುತ್ತಿದ್ದವು. ಆದರೆ ಗಿಟಾರಿನ ಕುತ್ತಿಗೆಗೆ, ಮೂರೂ ತಂತಿಗಳನ್ನು ಸೇರಿಸಿ ಬಿಗಿದು, ಗಂಟಿನ ಮೇಲೆ ಗಂಟು ಹಾಕಿದ ಕರೀ ದಾರವೊಂದಿತ್ತು.

"ಸುಂಕಸಾಳದವ್ರು ಬಂದಾಗ ಕಟ್ಟೋದ್ರು," ಎಂದರು ಕಾಕಿ. "ತಮ್ಮನ ಜೀವ ಅದ್ರಲ್ಲೇ ಸುತ್ತಾಡ್ತದೆ, ಯಾರೂ ಬಾರ್ಸೂಕಾಗ ಅಂದ್ರು. ನಂಗೆ ದಿನಾ ಕಣ್ಣಿಗೆ ಬೀಳ್ತದೆ. ಬಿಚ್ಚೂಕೆ ಧೈರ್ಯ ಆಗೂದಿಲ್ಲ."

ಚಪ್ಪರಕ್ಕೆಂದು ಹಿಡಿದಿದ್ದ ಕತ್ತರಿ ನನ್ನ ಕೈಯಲ್ಲೇ ಇತ್ತು. ಕಾಕಿ ಅದನ್ನು ನೋಡಿದರು, ಬೇಡ ಎನ್ನಲಿಲ್ಲ. ದಾರ ಕತ್ತರಿಸಿದೆ. ಇಸ್ವಾಣ ಸಣ್ಣಗೆ ಗುಂಯ್ ಎಂದು ಸುಮ್ಮನಾಯಿತು. ಶ್ರುತಿ ಎಲ್ಲೋ ಇಳಿದುಹೋಗಿತ್ತು, ಸರಿ ಮಾಡೋಣವೆಂದರೆ ಕೇಳಿಸಿಕೊಳ್ಳಲು ಆ ಮಣಿಕಟ್ಟಿಲ್ಲ.

ಕತ್ತರಿಸಲು ಹೊತ್ತೇನೂ ಹಿಡಿಯಲಿಲ್ಲ. ಅಂದೂ ಹಿಡಿಯುತ್ತಿರಲಿಲ್ಲ.