ಮಿಂದೇ ಮಗುವನ್ನು ಮುಟ್ಟುತ್ತಿದ್ದ ಕರಿಬಸಮ್ಮ

ಕರಿಬಸಮ್ಮ ಭದ್ರಾವತಿಯ ಜನ್ನಾಪುರದಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುತ್ತಿದ್ದಳು. ಟ್ರಸ್ಟೊಂದು ನಡೆಸುತ್ತಿದ್ದ ನಿರಾಶ್ರಿತರ ಕೇಂದ್ರದಲ್ಲಿ ಅವಳು ಆಯಾ, ನಾನು ರಿಜಿಸ್ಟರ್ ಬರೆಯುವವಳು. ಬಸ್‌ಸ್ಟ್ಯಾಂಡಿನಿಂದ ಕರೆತಂದವರನ್ನು ಮೀಯಿಸಿ, ಉಣ್ಣಿಸಿ, ಅವರು ಉಗುಳಿದ್ದನ್ನು ಬಳಿಯುವುದು ಅವಳ ಪಾಲಿಗೆ. ಚಳಿಗೆ ಕಿಟಕಿ ಮುಚ್ಚಿದ ಅಲ್ಲಿನ ದೊಡ್ಡ ಹಾಲ್‌ನಲ್ಲಿ ಮೂವತ್ತು ಜನ ಕೆಮ್ಮುತ್ತಿದ್ದರು. ಮೂಗಿಗೆ ಕಟ್ಟಿಕೊಳ್ಳಲು ಒಂದು ತುಂಡು ಬಟ್ಟೆಯನ್ನೂ ಯಾರೂ ಕೊಡಲಿಲ್ಲ.

ಅವಳ ಮನೆಯಲ್ಲಿ ಮಗಳು ವೇದಾಳ ಕೂಸು, ಎರಡು ವರ್ಷದ ಇಂಪನಾ. ಅದು ಮಲಗುವುದು ಅಜ್ಜಿಯ ಮಗ್ಗುಲಲ್ಲೇ. ಕರಿಬಸಮ್ಮ ಹಿತ್ತಲಿನಿಂದ ನೇರ ಬಚ್ಚಲಿಗೆ ಹೋಗಿ, ತಲೆಗೆ ನೀರು ಹೊಯ್ದು, ಸೀರೆ ನೆನೆಹಾಕಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳುತ್ತಿದ್ದಳು.

“ರೋಗಾನೆಲ್ಲ ಬಚ್ಚಲಲ್ಲೇ ಬಿಟ್ಟು ಒಳಗೆ ಹೋಗ್ತೀನಿ, ಶಕುಂತಲಮ್ಮೋರೇ” ಎನ್ನುತ್ತಿದ್ದಳು. ನಾನೂ ಭೇಷ್ ಎಂದೆ. ನನಗೇನು ಮಣ್ಣು ಗೊತ್ತಿತ್ತು!

ಎರಡು ಸಾವಿರದ ಮೂರರಲ್ಲಿ ಅವಳಿಗೂ ಕೆಮ್ಮು ಹಿಡಿಯಿತು. ಫಿನಾಯಿಲ್ ಘಾಟಿಗೆ ಎಂದಳು. ಅದೇ ತಿಂಗಳು ಕೇಂದ್ರದಲ್ಲಿದ್ದವರ ಎದೆ ಪರೀಕ್ಷೆಗೆ ಎಕ್ಸ್‌ರೇ ಕ್ಯಾಂಪ್ ಬಂತು. ಪಟ್ಟಿ ಬರೆಯುತ್ತಾ, ಕೆಲಸದವರನ್ನೂ ಸೇರಿಸಲೇ ಎಂದು ಮ್ಯಾನೇಜರನ್ನು ಕೇಳಿದೆ.

“ಅವ್ರೇನು ನಿರಾಶ್ರಿತರೇನಮ್ಮಾ? ಬರ್ದಷ್ಟು ಸಾಕು.”

ಆ ಮನುಷ್ಯನ ಮೇಲೆ ಇವತ್ತಿಗೂ ಮೈ ಉರಿಯುತ್ತದೆ. ಬಾಯಿ ಮುಚ್ಚಿಕೊಂಡು ಪಟ್ಟಿ ಕೊಟ್ಟ ನನ್ನ ಮೇಲೆ ಅದಕ್ಕಿಂತ ಹೆಚ್ಚು. ನಾಲ್ಕು ಜನಕ್ಕೆ ಟಿ.ಬಿ. ಎಂದು ಗೊತ್ತಾಯಿತು. ನಾಲ್ವರಿಗೂ ಕರಿಬಸಮ್ಮನೇ ಉಣ್ಣಿಸುತ್ತಿದ್ದಳು.

ಮೂರು ತಿಂಗಳಿಗೆ ಇಂಪನಾಗೆ ಜ್ವರ, ವಾಂತಿ, ಆಮೇಲೆ ಫಿಟ್ಸ್. ಆಸ್ಪತ್ರೆಗೆ ನಾನೂ ಹೋಗಿದ್ದೆ. ಟಿ.ಬಿ. ಮಗುವಿನ ಮಿದುಳಿಗೆ ಏರಿತ್ತು. ಮನೆಯಲ್ಲಿ ಯಾರಿಗೆ ಕೆಮ್ಮಿದೆ ಎಂದು ಡಾಕ್ಟರು ಕೇಳಿದರು.

“ನಂಗೇ. ಆದ್ರೆ ಮೀಯದೆ ಒಂದಿನಾನೂ ಮುಟ್ಟಿಲ್ಲ, ಡಾಕ್ಟ್ರೇ.”

“ಅದು ಮೈಗೆ ಅಂಟ್ಕೊಂಡು ಬರಲ್ಲಮ್ಮಾ. ಉಸಿರಲ್ಲಿ ಬರುತ್ತೆ.”

ಕರಿಬಸಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡು ಗೋಡೆಗೆ ಸರಿದಳು.

ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ನುಂಗಿ ಅವಳು ವಾಸಿಯಾದಳು. ಇನ್ನು ಮಗುವನ್ನು ಎತ್ತಿಕೊಳ್ಳಬಹುದು ಎಂದು ಡಾಕ್ಟರು ಎಷ್ಟು ಹೇಳಿದರೂ ಕೇಳಲಿಲ್ಲ. ಇಂಪನಾಳ ಜೀವವೇನೋ ಉಳಿಯಿತು, ಕಿವಿ ಹೋಯಿತು.

ಮಾರನೆಯ ವರ್ಷ ಒಮ್ಮೆ ಜನ್ನಾಪುರಕ್ಕೆ ಹೋಗಿದ್ದೆ. ಮಗು ನಡುಮನೆಯಲ್ಲಿ ಬೆನ್ನು ಹಾಕಿ ಆಡುತ್ತಿತ್ತು. ಕರಿಬಸಮ್ಮ ಹೊಸ್ತಿಲಾಚೆ ಕೂತು, “ಇಂಪೂ, ಇಂಪೂ” ಎಂದು ಕರೆಯುತ್ತಲೇ ಇದ್ದಳು.