ಒರಗಿದ ಚಮಚ

ಗಂಜಿಯ ಬಟ್ಟಲಿನಲ್ಲಿ ಚಮಚ ನೆಟ್ಟಗೆ ನಿಂತಿತ್ತು ಎಂಬುದು ಪ್ರಬಂಧ ಬರೆಯುವಂಥ ಸಂಗತಿಯೇ ಎಂದು ನೀವು ಕೇಳಬಹುದು. ಅದು ಯಾವಾಗ ಒರಗೀತೆಂದು ಭದ್ರಾವತಿ ಹಳೇನಗರದಲ್ಲಿ ಅಕ್ಕನ ಅಡುಗೆಮನೆಯಲ್ಲಿ ಕಾದು ಕೂತವನಿಗೆ ಅದಕ್ಕಿಂತ ಘನವಾದ ವಿಷಯ ಬೇರೆ ಹೊಳೆಯುವುದಿಲ್ಲ.

ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ನನ್ನಕ್ಕನಿಗೆ ತೆಳ್ಳಗಿದ್ದದ್ದು ಮಾತ್ರ ಇಳಿಯುತ್ತಿತ್ತು. ನೀರು ಬೆರೆಸಿ ತೆಳುಮಾಡಿದರೆ ಹೊಟ್ಟೆ ತುಂಬುತ್ತಿತ್ತೇ ಹೊರತು ಮೈಗೆ ಹತ್ತುತ್ತಿರಲಿಲ್ಲ. ತೂಕ ಇನ್ನೂ ಇಳಿದರೆ ಮೂಗಿನಲ್ಲಿ ನಳಿಕೆ ಹಾಕುವುದೇ ದಾರಿ ಎಂದಿದ್ದರು ಡಾಕ್ಟರು. ಆ ಮಾತು ಬಂದಾಗಲೆಲ್ಲ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಅವಳ ಮಗಳು ಶಾರದೆ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದುತ್ತಾಳೆ. ಮೊಳಕೆ ಕಟ್ಟಿ, ಹುರಿಯದೆ ಒಣಗಿಸಿ ಬೀಸಿದ ರಾಗಿಹಿಟ್ಟಿನ ಡಬ್ಬಿಯನ್ನು ಒಂದು ಬೆಳಿಗ್ಗೆ ನನ್ನ ಕೈಗಿಟ್ಟು, "ಮಾವ, ಗಟ್ಟಿ ಗಂಜಿಗೆ ಇದೊಂದು ಚಮಚ ಕದಡಿ, ತಾನೇ ತೆಳ್ಳಗಾಗತ್ತೆ. ಆದ್ರೆ..." ಎನ್ನುವಷ್ಟರಲ್ಲಿ ನಾನು "ಆಯ್ತು ಆಯ್ತು, ಬಸ್ಸು ತಪ್ಪತ್ತೆ ನಡಿ" ಎಂದುಬಿಟ್ಟೆ. ಅರ್ಧ ಮಾತಿನಲ್ಲೇ ವ್ಯಾಪಾರ ಕುದುರಿಸಿ ಬೆಳೆದವನು ನಾನು. ಇದೇ ಊರಿನಲ್ಲಿ ಗುಜರಿ ಕಬ್ಬಿಣ ಕೊಂಡು ಮಾರಿ, ಶಿವಮೊಗ್ಗದ ವಿದ್ಯಾನಗರದಲ್ಲಿ ಮನೆ ಕಟ್ಟಿಸಿದವನಿಗೆ ತಿಳಿದದ್ದು ಒಂದೇ ಶಾಸ್ತ್ರ: ಕಾವು ಏರಿದಷ್ಟೂ ಕೆಲಸ ಚುರುಕು.

ಹಾಗಾಗಿ ಕೊತಕೊತ ಕುದಿಯುವ ಗಂಜಿಗೇ ಹಿಟ್ಟು ಸುರಿದೆ. ಚಮಚ ಕಂಬದಂತೆ ನಿಂತಿತು. ಇನ್ನಷ್ಟು ಸುರಿದೆ, ಕಂಬಕ್ಕೆ ಕಾಂಕ್ರೀಟು ಹಾಕಿದಂತಾಯಿತು. ಸರಿ, ಕಾವು ಒಗ್ಗದ ಜಾತಿಯಿರಬೇಕೆಂದು ಫ್ರಿಜ್ಜಿನಲ್ಲಿದ್ದ ತಣ್ಣನೆಯ ಗಂಜಿಗೆ ಕದಡಿ, ರುಚಿಗಿರಲೆಂದು ನಿಂಬೆಹುಳಿಯನ್ನೂ ಹಿಂಡಿದೆ. ಅದೂ ಕದಲಲಿಲ್ಲ. ಮಂಚದ ಮೇಲಿಂದ ಅಕ್ಕನ ಒಡೆದ ದನಿ ಬಂತು: "ಏನೋ ಮಾರಾಯ, ಗಾರೆ ಕಲಸ್ತಿದ್ದೀಯೇನೋ?"

ಸಂಜೆ ಬಂದ ಶಾರದೆ ಎರಡೂ ಪಾತ್ರೆ ನೋಡಿ ತಲೆಗೆ ಕೈಯಿಟ್ಟುಕೊಂಡಳು. "ಹಿಟ್ಟಲ್ಲಿರೋ ಕಿಣ್ವ ಕುದಿಯೋದ್ರಲ್ಲಿ ಬಿದ್ರೆ ಆಕಾರಾನೇ ಕೆಟ್ಟೋಗತ್ತೆ ಮಾವ. ತಣ್ಣಗಿದ್ರೆ ತೂಕಡಿಸತ್ತೆ. ಹುಳಿ ಜಾಸ್ತಿಯಾದ್ರೂ ಅದಕ್ಕೆ ಆಗಲ್ಲ."

ಆಗ ನನಗೆ ಅರ್ಥವಾಯಿತು ನೋಡಿ: ಕಿಣ್ವವೆಂದರೆ ದಲ್ಲಾಳಿ. ಗಂಜಿಯನ್ನು ಗಟ್ಟಿಯಾಗಿಸುವ ಪಿಷ್ಟದ ಉದ್ದುದ್ದ ಸರಪಳಿಗಳನ್ನು ತುಂಡರಿಸಿಕೊಟ್ಟು, ತಾನು ಮಾತ್ರ ಸವೆಯದೆ ಮುಂದಿನ ಗಿರಾಕಿಯತ್ತ ನಡೆಯುವವನು. ದಲ್ಲಾಳಿಗಳು ಹೆಚ್ಚಿದರೆ ಸಂತೆ ಬೇಗ ಮುಗಿಯುತ್ತದೆ. ಇದ್ದವರೆಲ್ಲರ ಕೈ ತುಂಬಿರುವಾಗ ಸರಕು ಎಷ್ಟು ಸುರಿದರೂ ವೇಗ ಏರುವುದಿಲ್ಲ. ಸಂತೆಯ ಈ ಲೆಕ್ಕವೆಲ್ಲ ಗೊತ್ತಿದ್ದೂ, ಅವರನ್ನು ಕುದಿಯುವ ಪಾತ್ರೆಗೆ ತಳ್ಳಿದ ವ್ಯಾಪಾರಿ ನಾನು. ಬುದ್ಧಿ ಹೇಳುವುದು ನನ್ನ ಚಟ, ಆದ್ದರಿಂದ ಹೇಳಿಬಿಡುತ್ತೇನೆ: ಕೆಲಸ ಮಾಡಿಸಿಕೊಳ್ಳಬೇಕಾದವರಿಗೆ ಒಗ್ಗುವ ಕಾವು ಎಷ್ಟೆಂದು ಮೊದಲು ಕೇಳಿಕೊಳ್ಳಿ.

ಶಾರದೆ ಹೊಸದಾಗಿ ಗಂಜಿ ಕಾಯಿಸಿದಳು. ಬೆರಳು ಅದ್ದಿ ತಟ್ಟನೆ ತೆಗೆಯುವಷ್ಟು ಬಿಸಿಗೆ ಆರಿಸಿ, ಹಿಟ್ಟು ಕದಡಿ, ಚಮಚ ನಿಲ್ಲಿಸಿ, "ಇನ್ನು ನೀವು ಸುಮ್ನೆ ಕೂತ್ಕೊಳಿ" ಎಂದಳು. ಕೂತೆ. ಹೊಳೆಯ ಕಡೆಯ ಗಾಳಿ ಕಿಟಕಿಯ ಪರದೆಯನ್ನು ಉಬ್ಬಿಸಿ ಇಳಿಸುತ್ತಿತ್ತು. ಬಟ್ಟಲಿನ ಮೇಲಿನ ಬೆಳಕು ಹಣ್ಣಾಗುತ್ತ ಬಂತು. ಕಣ್ಣಿಗೆ ಕಾಣದ ಕೋಟ್ಯಂತರ ಕೈಗಳು ಸದ್ದಿಲ್ಲದೆ, ಚೌಕಾಸಿಯಿಲ್ಲದೆ ಗಂಟು ಬಿಡಿಸುತ್ತಿರುವುದನ್ನು ಕಲ್ಪಿಸಿಕೊಳ್ಳುತ್ತ ನಾನು ಅರೆನಿದ್ದೆಗೆ ಜಾರಿದೆನೋ ಏನೋ. ಜೀವಮಾನದಲ್ಲಿ ಏನನ್ನೂ ಅವಸರಪಡಿಸದೆ ಕೂತದ್ದು ಅದೇ ಮೊದಲು.

'ಟಿಣ್' ಎಂದಿತು. ಚಮಚ ಬಟ್ಟಲಿನ ಅಂಚಿಗೆ ಒರಗಿಕೊಂಡಿತ್ತು, ಕೆಲಸ ಮುಗಿಸಿ ಗೋಡೆಗೆ ಬೆನ್ನು ಕೊಟ್ಟವರಂತೆ.

ಕದಡಿದ ಹಸಿಹಿಟ್ಟು ಬೇಯಲೆಂದು ಅದನ್ನು ಮತ್ತೊಮ್ಮೆ ಕುದಿಸಿ, ಆರಿಸಿ ಕೊಟ್ಟೆವು. ಅಕ್ಕ ಗುಟುಕು ಗುಟುಕಾಗಿ ಬಟ್ಟಲು ಖಾಲಿ ಮಾಡಿದಳು. ಮೂಗಿನ ಮೇಲಿದ್ದ ಸೆರಗು ಹೆಗಲಿಗೆ ಇಳಿದಿತ್ತು.

"ಇನ್ನೊಂದು ಬಟ್ಟಲು ಮಾಡು ತಮ್ಮಾ," ಎಂದಳು. "ನಿಧಾನಕ್ಕೇ ಮಾಡು."