ಬಾಟಲಿ ಅಕ್ಕ ಬರೆದ ಚೀಟಿ

ಬೆಳಗಿನ ಐದೂ ಮುಕ್ಕಾಲು. ಬಟ್ಟೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಕೆರೆಯ ಕೊನೆಯ ಮೆಟ್ಟಿಲಲ್ಲಿ ನಿಂತ ಹೆಂಗಸು ಬಲೆ ಬೀಸಿ ಎಸೆಯುತ್ತಾರೆ, ಹಗ್ಗವನ್ನು ಒಂದೇ ಹದದಲ್ಲಿ ಎಳೆದುಕೊಳ್ಳುತ್ತಾರೆ, ಮತ್ತೆ ಎಸೆಯುತ್ತಾರೆ. ಇದು ಮೀನಿನ ಬಲೆಯಲ್ಲ. ಕಾಲುಚೀಲದ ಆಕಾರದ ತೆಳು ರೇಷ್ಮೆ, ಅದರ ತುದಿಗೆ ಒಂದು ಪುಟ್ಟ ಬಾಟಲಿ. ಇಪ್ಪತ್ತು ಸಲ ಎಳೆದ ಮೇಲೆ ಬಾಟಲಿಯನ್ನು ನನ್ನ ಮೂಗಿನ ಹತ್ತಿರ ಹಿಡಿಯುತ್ತಾರೆ. ನನಗೆ ಕಾಣುವುದು ಬರೀ ಕದಡಿದ ನೀರು.

"ಸರಿಯಾಗಿ ನೋಡಿ, ಕುಣೀತಿದಾವೆ," ಅನ್ನುತ್ತಾರೆ.

ಕಣ್ಣು ಕಿರಿದು ಮಾಡಿ ನೋಡಿದರೆ ಹೌದು, ಧೂಳಿನಷ್ಟು ಸಣ್ಣ ಚುಕ್ಕೆಗಳು ಪಟಪಟನೆ ಜಿಗಿಯುತ್ತಿವೆ. ಇದಕ್ಕಾಗಿ ಇಷ್ಟು ಬೇಗ ಬರಬೇಕೇ ಎಂದು ನಾನು ಆಕಳಿಸುತ್ತಲೇ ಕೇಳುತ್ತೇನೆ. "ನಾವು ಏಳೋ ಹೊತ್ತಿಗೆ ಅವು ಮಲಗೋಕೆ ಹೋಗ್ತವೆ ಸಾರ್. ಬಿಸಿಲು ಬಿತ್ತು ಅಂದ್ರೆ ತಳ ಸೇರ್ಕೊಂಡ್ಬಿಡ್ತವೆ. ಆಮೇಲೆ ಬಲೆ ಹಾಕಿದ್ರೆ ಪಾಚಿ ಸಿಗುತ್ತೆ, ಅಷ್ಟೇ."

ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಇವರು ಅಟೆಂಡರ್. ಮೂವತ್ತೊಂದು ವರ್ಷದ ಕೆಲಸ, ಮುಂದಿನ ತಿಂಗಳು ನಿವೃತ್ತಿ. ವಿದ್ಯಾರ್ಥಿಗಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಇವರು 'ಬಾಟಲಿ ಅಕ್ಕ'. ಓದಿದ್ದು ಏಳನೇ ತರಗತಿ. ಆದರೆ ಈ ಊರಿನ ಹನ್ನೆರಡು ಕೆರೆ, ನಾಲ್ಕು ಕಲ್ಯಾಣಿಗಳ ನೀರಿನಲ್ಲಿ ಯಾವ ತಿಂಗಳು ಯಾವ ಪುಟಾಣಿ ಹುಟ್ಟುತ್ತದೆ, ಯಾವಾಗ ಮಾಯವಾಗುತ್ತದೆ ಎನ್ನುವುದನ್ನು ಇವರಷ್ಟು ತಿಳಿದವರು ಆ ಕಟ್ಟಡದಲ್ಲಿ ಇನ್ನೊಬ್ಬರಿಲ್ಲ. ಇದು ನನ್ನ ಮಾತಲ್ಲ, ಅಕ್ಕನ ಬಗ್ಗೆ ಬರೆಯಿರಿ ಎಂದು ನನ್ನನ್ನು ಕರೆಸಿದ ಅಲ್ಲಿನ ಉಪನ್ಯಾಸಕಿಯೊಬ್ಬರ ಮಾತು.

ಈ ಪುಟಾಣಿಗಳು ಏಡಿ, ಸೀಗಡಿಗಳ ಬಡ ನೆಂಟರು. ನೀರಿನ ಚಿಗಟ ಎನ್ನುವ ಗುಂಡು ಹೊಟ್ಟೆಯದೊಂದು. ಕೊಪೆಪಾಡ್ ಎನ್ನುವ ಒಂಟಿಕಣ್ಣಿನದು ಇನ್ನೊಂದು. ಒಂದು ಮಿಲಿಮೀಟರ್ ಉದ್ದ, ಹಣೆಯ ನಡುವೆ ಒಂದೇ ಕಣ್ಣು, ಅದರ ಮುಂದೆ ಎರಡು ಉದ್ದ ಮೀಸೆ. ಅಕ್ಕ ತೋರಿಸುವ ಜಾತಿಯಲ್ಲಿ ಗಂಡಿನ ಬಲ ಮೀಸೆ ಬಾಗಿಲ ಕೀಲಿನಂತೆ ಮಡಚುತ್ತದೆ, ಹೆಣ್ಣನ್ನು ಹಿಡಿದುಕೊಳ್ಳಲು. "ನಮ್ಮನೆಯವರಿಗೂ ಮೀಸೆ ಇದೆ. ಏನಕ್ಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ," ಎಂದು ಅಕ್ಕ ನಗುತ್ತಾರೆ. ಆ ಮೀಸೆಯ ಯಜಮಾನರು ದರ್ಜಿ. ಬಲೆ ಹೊಲಿದುಕೊಡುವವರು ಅವರೇ. ಅವರ ಅತಿ ಸಣ್ಣ ಸೂಜಿಗಳು ಒಂದೊಂದಾಗಿ ಕಾಣೆಯಾಗಿ, ಸಾಣೆಕಲ್ಲಿನ ಮೇಲೆ ಇನ್ನಷ್ಟು ಚೂಪಾಗಿ, ಪ್ರಯೋಗಾಲಯದ ಮೇಜಿನ ಮೇಲೆ ಕಾಣಿಸಿಕೊಳ್ಳುತ್ತವೆ.

ಆ ಸೂಜಿಯ ಕೆಲಸವನ್ನು ನೋಡಬೇಕು. ಕೊಪೆಪಾಡ್‌ನ ಜಾತಿ ಯಾವುದೆಂದು ಹೇಳಬೇಕಾದರೆ ಅದರ ಐದನೇ ಜೊತೆ ಕಾಲನ್ನು ಬಿಡಿಸಿ ನೋಡಬೇಕು. ಇಡೀ ಪ್ರಾಣಿಯೇ ಸಾಸಿವೆಗಿಂತ ಸಣ್ಣದು, ಅದರ ಕಾಲು ಎಷ್ಟಿರಬಹುದು ಲೆಕ್ಕ ಹಾಕಿ. ಅಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಉಸಿರು ಬಿಗಿಹಿಡಿಯುತ್ತಾರೆ, ಎರಡು ಸೂಜಿ ಅಲುಗುತ್ತವೆ, ಕಾಲು ಬೇರೆಯಾಗುತ್ತದೆ. ಗ್ಲಿಸರಿನ್ ಹನಿಯಲ್ಲಿ ಅದನ್ನಿಟ್ಟು, ಗಾಜು ಮುಚ್ಚಿ, ಅಂಚಿಗೆ ಉಗುರುಬಣ್ಣ ಬಳಿಯುತ್ತಾರೆ. ವಾರಕ್ಕೆ ಹತ್ತು ಸ್ಲೈಡ್. ಮೂವತ್ತೊಂದು ವರ್ಷದಲ್ಲಿ ಹದಿನೈದು ಸಾವಿರ ದಾಟಿದೆ ಎನ್ನುತ್ತದೆ ವಿಭಾಗದ ದಾಖಲೆ. ಯಾರು ಮಾಡಿದರು ಎಂಬ ಕಾಲಂ ಆ ದಾಖಲೆಯಲ್ಲಿ ಇಲ್ಲವೇ ಇಲ್ಲ.

ಇರಲಿ, ಅದಾದರೂ ಎಲ್ಲ ಕಡೆ ಇರುವ ಅನ್ಯಾಯ ಎಂದು ಬಿಟ್ಟುಬಿಡಬಹುದಿತ್ತು. ನನ್ನ ಮೈ ಉರಿದಿದ್ದು ಬೇರೆ ವಿಷಯಕ್ಕೆ.

ಇಪ್ಪತ್ತೆರಡು ವರ್ಷದ ಹಿಂದೆ, ಆಗಿನ ಪ್ರಾಧ್ಯಾಪಕರಿಗೆ (ಅಕ್ಕನ ಬಾಯಲ್ಲಿ ಅವರು ಇವತ್ತಿಗೂ 'ದೊಡ್ಡ ಸಾರ್') ಒಂದು ಬಾಟಲಿಯಲ್ಲಿ ಐದು ಗಂಡು ಕೊಪೆಪಾಡ್ ಸಿಕ್ಕವು. ಐದನೇ ಕಾಲು ಯಾವ ಪುಸ್ತಕದ ಚಿತ್ರಕ್ಕೂ ಹೊಂದಲಿಲ್ಲ. ಹೊಸ ಜಾತಿ! ಸಾರ್ ಹಿಗ್ಗಿಹೋದರು. ಅಕ್ಕನಿಗೆ ಮಾತ್ರ ಎಲ್ಲೋ ಅನುಮಾನ. ಅದೇ ಕೆರೆಯಿಂದ ಅಂಥವೇ ಮೂರನ್ನು ಜೀವಂತ ತಂದು ಕಿಟಕಿಯ ಹತ್ತಿರ ಗಾಜಿನ ಲೋಟದಲ್ಲಿ ಬಿಟ್ಟರು. ಎರಡನೇ ದಿನ ಲೋಟದ ತಳದಲ್ಲಿ ಮೂರು ಪೊರೆ ಬಿದ್ದಿದ್ದವು. ನೀರಿನಲ್ಲಿ ಈಜುತ್ತಿದ್ದದ್ದು, ಎಲ್ಲ ಕೆರೆಯಲ್ಲೂ ಸಿಗುವ ಮಾಮೂಲಿ ಜಾತಿಯ ಮೂರು ಗಂಡುಗಳು. ಈ ಪ್ರಾಣಿ ಮೊಟ್ಟೆಯೊಡೆದು ಬಂದಮೇಲೆ ಹನ್ನೊಂದು ಸಲ ಪೊರೆ ಬಿಡುತ್ತದೆ. ಸಾರ್ ನೋಡಿದ್ದು ಕೊನೆಯ ಪೊರೆ ಬಿಡುವುದಕ್ಕೆ ಮುಂಚಿನ, ಇನ್ನೂ ಬಲಿಯದ ಹುಡುಗರನ್ನು.

"ಹೇಳಿದೆ ಸಾರ್. ಒಂದ್ಸಲ ಅಲ್ಲ, ಎರಡ್ಸಲ. 'ಸಾರ್, ಇವು ಇನ್ನೂ ಮಕ್ಕಳು, ಲೋಟದಲ್ಲಿ ತೋರಿಸ್ತೀನಿ ಬನ್ನಿ' ಅಂದೆ. ಅವರು ನಕ್ಕು, 'ನೀನು ಟೀ ತಗೊಂಡ್ಬಾ' ಅಂದ್ರು. ತಂದ್ಕೊಟ್ಟೆ."

ಹೊಸ ಜಾತಿಯ ಪ್ರಬಂಧ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಸನ್ಮಾನವಾಯಿತು, ಬಡ್ತಿ ಸಿಕ್ಕಿತು. ವಿಭಾಗದ ಗೋಡೆಯ ಮೇಲೆ ಆ ಕಾಲಿನ ದೊಡ್ಡ ಚಿತ್ರ ಇವತ್ತಿಗೂ ನೇತಾಡುತ್ತಿದೆ.

ತಪ್ಪು ಮಾಡುವುದು ದೊಡ್ಡ ಅಪರಾಧವೇನಲ್ಲ. ಈ ಪ್ರಾಣಿಗಳನ್ನು ವಿಂಗಡಿಸಿದ ಆದಿಕಾಲದ ನಿಸರ್ಗತಜ್ಞರೂ ಇದೇ ಗುಂಡಿಗೆ ಬಿದ್ದವರು. ಇನ್ನೂರು ವರ್ಷಗಳಿಗೂ ಹಿಂದೆ, ಇವುಗಳ ಮರಿಗಳು ತಾಯಿಯನ್ನು ಎಳ್ಳಷ್ಟೂ ಹೋಲುವುದಿಲ್ಲವೆಂದು, ಮರಿಗಳನ್ನೇ ಬೇರೊಂದು ಪ್ರಾಣಿಯೆಂದು ತಿಳಿದು ಹೆಸರಿಟ್ಟವರಿದ್ದರು. ಮುಂದೆ ಯಾರೋ ತಾಳ್ಮೆಯಿಂದ ಗಾಜಿನ ಪಾತ್ರೆಯಲ್ಲಿ ಮೊಟ್ಟೆಯಿಂದ ಸಾಕಿ ನೋಡಿ ತಿದ್ದಿದರು. ವಿಜ್ಞಾನ ನಡೆಯುವುದೇ ಹಾಗೆ. ನಮ್ಮ ಅಕ್ಕ ಲೋಟದಲ್ಲಿ ಮಾಡಿದ್ದೂ ಅದನ್ನೇ ಅಲ್ಲವೇ?

ನಾಲ್ಕು ವರ್ಷದ ಹಿಂದೆ ಹೊರದೇಶದ ತಜ್ಞರೊಬ್ಬರು ಆ 'ಹೊಸ ಜಾತಿ' ಬರೀ ಎಳೆಯ ಗಂಡು ಎಂದು ತೋರಿಸಿಕೊಟ್ಟರು. ಅಷ್ಟು ಹೊತ್ತಿಗೆ ದೊಡ್ಡ ಸಾರ್ ನಿವೃತ್ತರಾಗಿದ್ದರು. ತಪ್ಪಾಯಿತು ಎಂದು ಒಪ್ಪಿಕೊಂಡಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಅದೇ ವಿಜ್ಞಾನ ಪತ್ರಿಕೆಗೆ ಅವರು ಕಳಿಸಿದ ಸ್ಪಷ್ಟನೆಯ ಕೊನೆಯ ಸಾಲು ಹೀಗಿದೆ: "ಪ್ರಯೋಗಾಲಯದ ಸಹಾಯಕಿ ಸ್ಲೈಡ್‌ಗಳಿಗೆ ತಪ್ಪು ಚೀಟಿ ಅಂಟಿಸಿದ್ದರಿಂದ ಈ ಗೊಂದಲ ಉಂಟಾಗಿದೆ."

ಎಷ್ಟು ಸಲೀಸಾಗಿ ಗೂಬೆ ಕೂರಿಸಿದರು ನೋಡಿ! ಆ ಒಂದು ಸಾಲು ಓದಿದ ವಿಭಾಗದ ಮುಖ್ಯಸ್ಥೆ ಮರುವಾರವೇ ಅಕ್ಕನ ಕೈಯಿಂದ ಚೀಟಿ ಬರೆಯುವ ಕೆಲಸ ಕಿತ್ತುಕೊಂಡರು. ಸ್ಲೈಡ್ ಮಾಡಬಹುದು, ಬಾಟಲಿ ತೊಳೆಯಬಹುದು, ಪೆನ್ಸಿಲ್ ಮುಟ್ಟುವಂತಿಲ್ಲ. ನಾಲ್ಕು ವರ್ಷದಿಂದ ಅಕ್ಕ ಬೆಳಗ್ಗೆ ತಂದ ಬಾಟಲಿಗೆ ಕೆರೆಯ ಹೆಸರು ಬರೆಯುವುದಕ್ಕೂ ಇನ್ನೊಬ್ಬರು ಬರಬೇಕು. ಅವರು ಬರುವುದು ಹನ್ನೊಂದು ಗಂಟೆಗೆ.

"ಆ ಸಾಲನ್ನ ಯಾರೋ ಓದಿ ಹೇಳಿದ ದಿನ ಮನೆಗೆ ಹೋಗಿ ಊಟ ಮಾಡ್ಲಿಲ್ಲ. ಯಜಮಾನ್ರು ಹೊಲಿಗೆ ಮಿಷಿನ್ ನಿಲ್ಲಿಸಿ ಏನಾಯ್ತು ಅಂದ್ರು. ನಾನು ಬರೆದಿದ್ದು ತಪ್ಪಂತೆ ಅಂದೆ. ಅಷ್ಟೇ. ಅತ್ತಿದ್ದು ಅವರೇ, ನಾನಲ್ಲ."

ಯಾರಿಗೂ ಯಾಕೆ ದೂರು ಕೊಡಲಿಲ್ಲ ಎಂದು ಕೇಳಿದೆ. ಅಕ್ಕ ನನ್ನನ್ನೇ ದಿಟ್ಟಿಸಿ ನೋಡಿದರು. "ಯಾರ ಹತ್ರ ಹೇಳ್ಲಿ? ಈ ಬಾಟಲಿಗಳ ಹತ್ರವಾ?"

ದೊಡ್ಡ ಸಾರ್‌ಗೆ ನಾನು ಫೋನ್ ಮಾಡಿದೆ. ಬಹಳ ಪ್ರೀತಿಯಿಂದಲೇ ಮಾತಾಡಿದರು. "ಓ, ಅವಳಾ? ತುಂಬಾ ಒಳ್ಳೆ ಹೆಂಗಸು. ಬಾಟಲಿ ಫಳಫಳ ಅನ್ನೋ ಹಾಗೆ ತೊಳೀತಿದ್ಲು." ಆ ಸಾಲಿನ ಬಗ್ಗೆ ಕೇಳಿದ್ದಕ್ಕೆ, "ಹಳೇದನ್ನೆಲ್ಲ ಯಾಕೆ ಕೆದಕ್ತೀರಿ?" ಎಂದು ಇಟ್ಟುಬಿಟ್ಟರು. ಹಳೆಯದಂತೆ! ಮೈಮೇಲೆ ಹೊತ್ತು ತಿರುಗುವವರಿಗೆ ಅದು ಪ್ರತಿದಿನ ಬೆಳಗ್ಗೆ ಹೊಸದೇ.

ಕೆದಕಿದವರು ಉಪನ್ಯಾಸಕಿ. 'ಹೊಸ ಜಾತಿ' ಎಂದ ಆ ಗಂಡುಗಳಲ್ಲೊಂದರ ಹಳೆಯ ಸ್ಲೈಡನ್ನು, ಅಕ್ಕನೇ ಮಾಡಿದ್ದನ್ನು, ಅವರು ಬೀರುವಿನಿಂದ ತೆಗೆದು ನೋಡಿದಾಗ ಸಾರ್ ಅಂಟಿಸಿದ ಅಚ್ಚಿನ ಚೀಟಿ ಯಾಕೋ ದಪ್ಪವಾಗಿ ಕಂಡಿತಂತೆ. ನನ್ನನ್ನೂ ಅಕ್ಕನನ್ನೂ ಕೂರಿಸಿಕೊಂಡು ಅದರ ಮೇಲೆ ಒದ್ದೆ ಹತ್ತಿ ಇಟ್ಟರು. ಹತ್ತು ನಿಮಿಷ ಅಂಟು ನೆನೆಯಿತು. ಆಮೇಲೆ ಚಿಮಟದಿಂದ ಮೆಲ್ಲಗೆ ಎತ್ತಿದರೆ ಅಡಿಯಲ್ಲಿ ಇನ್ನೊಂದು ಚೀಟಿ. ಶಾಯಿಯಾಗಿದ್ದರೆ ಕರಗಿಹೋಗುತ್ತಿತ್ತೋ ಏನೋ. ಪೆನ್ಸಿಲ್ ಬರಹವಾದ್ದರಿಂದ ಇಪ್ಪತ್ತೆರಡು ವರ್ಷವಾದರೂ ಕಪ್ಪಗೆ, ಸ್ಪಷ್ಟವಾಗಿ ಉಳಿದಿದೆ: "ಎಳೆಯದು. ಗಂಡು. ಇನ್ನೊಂದು ಪೊರೆ ಬಿಡಬೇಕು." ಕೆಳಗೆ ತಾರೀಕು. ಪ್ರಬಂಧ ಅಚ್ಚಾಗುವುದಕ್ಕೆ ಏಳು ತಿಂಗಳು ಮುಂಚಿನ ತಾರೀಕು.

ಅಂದರೆ ಸತ್ಯದ ಮೇಲೆಯೇ ಅಂಟು ಹಚ್ಚಿ ಸುಳ್ಳನ್ನು ಅಂಟಿಸಿದ್ದಾರೆ. ನಾನು ಎದ್ದು ನಿಂತು ಏನೇನೋ ಕೂಗಾಡಿದೆ. ಅಕ್ಕ ಚೀಟಿಯ ಮೇಲಿದ್ದ ನೀರನ್ನು ಬಟ್ಟೆಯ ತುದಿಯಿಂದ ಒತ್ತಿ ತೆಗೆಯುತ್ತ, "ಮೆತ್ತಗೆ ಸಾರ್, ಮೇಜು ಅಲ್ಲಾಡುತ್ತೆ," ಅಂದರು.

ಪ್ರಾಣಿಗೆ ನಿಮ್ಮ ಹೆಸರಿಡಬೇಕಿತ್ತು ಎಂದು ನಾನು ಅಂದರೆ ಅವರಿಗೆ ನಗು. "ಅದಕ್ಯಾಕೆ ನನ್ನ ಹೆಸರು? ಅದಕ್ಕೆ ಇರೋ ಹೆಸರೇ ಚೆನ್ನಾಗಿದೆ. ನಾನು ತಪ್ಪು ಚೀಟಿ ಅಂಟಿಸಿಲ್ಲ ಅಂತ ಒಂದು ಸಾಲು ಹಾಕ್ಲಿ, ಅದೇ ಪತ್ರಿಕೇಲಿ. ಕೆಲಸ ಬಿಡೋದ್ರೊಳಗೆ ಬಂದ್ರೆ ಸಾಕು."

ಉಪನ್ಯಾಸಕಿ ಒತ್ತಾಯ ಮಾಡಿದ ಮೇಲೆ ಮುಖ್ಯಸ್ಥೆ ಪತ್ರಿಕೆಗೆ ತಿದ್ದುಪಡಿ ಬರೆಯಲು ಒಪ್ಪಿದ್ದಾರೆ. ಈ ವಾರ ಕರಡು ಸಿದ್ಧವಾಗಿದೆಯೆಂದು ನಮ್ಮನ್ನು ಕರೆಸಿ, "ಎಲ್ಲ ಸರಿಮಾಡಿದ್ದೀನಿ, ಈಗ ಸಮಾಧಾನ ತಾನೇ?" ಎಂದು ಕಾಗದ ಮುಂದಿಡುತ್ತಾರೆ. ಉಪನ್ಯಾಸಕಿ ಜೋರಾಗಿ ಓದುತ್ತಾರೆ. "ಪ್ರಾಣಿಯನ್ನು ಸರಿಯಾಗಿ ಗುರುತಿಸಿರುವ, ಅಜ್ಞಾತ ವ್ಯಕ್ತಿಯ ಕೈಬರಹದ ಹಳೆಯ ಚೀಟಿಯೊಂದು ದೊರೆತಿದೆ..."

ಅಜ್ಞಾತ ವ್ಯಕ್ತಿ! ಚೀಟಿ ತಪ್ಪು ಎನ್ನುವಾಗ ಬರೆದ ಕೈ ಯಾರದೆಂದು ಇಡೀ ಜಗತ್ತಿಗೆ ಗೊತ್ತಿತ್ತು. ಸರಿ ಎಂದು ಗೊತ್ತಾದ ಕೂಡಲೇ ಆ ಕೈ ಯಾರದೆಂದು ಯಾರಿಗೂ ಗೊತ್ತಿಲ್ಲ. ನಾನು ಬಾಯಿಬಿಡುವ ಮೊದಲೇ ಮುಖ್ಯಸ್ಥೆ, "ನೋಡಿ, ಅದು ಇವರೇ ಬರೆದದ್ದು ಅನ್ನೋದಕ್ಕೆ ಪುರಾವೆ ಏನಿದೆ? ಸುಮ್ಮನೆ ಹಾಕೋಕಾಗಲ್ಲ," ಅನ್ನುತ್ತಾರೆ.

ಬಾಗಿಲ ಹತ್ತಿರ ನಿಂತಿದ್ದ ಅಕ್ಕ ಒದ್ದೆ ಕೈ ಒರೆಸಿಕೊಂಡು ಒಳಗೆ ಬರುತ್ತಾರೆ. ಯಾರ ಅಪ್ಪಣೆಯನ್ನೂ ಕೇಳದೆ ಮೇಜಿನ ಮೇಲಿನ ಪೆನ್ಸಿಲ್ ತೆಗೆದುಕೊಳ್ಳುತ್ತಾರೆ. ನಾಲ್ಕು ವರ್ಷದಲ್ಲಿ ಮೊದಲ ಸಲ. ಒಂದು ಖಾಲಿ ಚೀಟಿಯ ಮೇಲೆ ಬಗ್ಗಿ, ಅವಸರವಿಲ್ಲದೆ, ಅದೇ ಮೂರು ಮಾತುಗಳನ್ನು ಬರೆದು, ಇವತ್ತಿನ ತಾರೀಕು ಹಾಕಿ, ಉಪನ್ಯಾಸಕಿ ತಂದಿಟ್ಟಿದ್ದ ಹಳೆಯ ಚೀಟಿಯ ಪಕ್ಕಕ್ಕೆ ಸರಿಸುತ್ತಾರೆ.

"ನೋಡಿ ಮೇಡಂ," ಅನ್ನುತ್ತಾರೆ. "ಇದಕ್ಕೆ ಸೂಕ್ಷ್ಮದರ್ಶಕ ಬೇಕಾಗಲ್ಲ."